ಉಂಡ ಮನೆಯ ಋಣ

ಮುಸೊಲಿನಿಯ ಇಟಲಿಗೂ ಹಿಟ್ಲರನ ಜರ್ಮನಿಗೂ ಅತಿಥಿಗಳಾಗಿ ಹೋಗಿ ಬಂದ ದೊಡ್ಡವರ ಬಗ್ಗೆ ಹೋದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಚೀಟಿ ನೋಡಿಕೊಂಡು ಮಾತಾಡಿದ್ದೆ. ಇಲ್ಲಿ ಸ್ವಲ್ಪ ಜಾಸ್ತಿ ಸೇರಿದೆ. ಅವತ್ತು ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಒಂದು ಪ್ರಶ್ನೆ ಕೇಳಿದ್ದರು, ಅದಕ್ಕೆ ಸಮಯ ಸಾಲದೆ ಎರಡೇ ಮಾತಲ್ಲಿ ಉತ್ತರ ಮುಗಿಸಿದ್ದೆ. ಅದನ್ನೂ ಇಲ್ಲಿ ಬಿಡಿಸಿ ಬರೆದಿದ್ದೇನೆ.

1926ರ ಮೇ 30. ಇಟಲಿಯ ನೇಪಲ್ಸ್ ಬಂದರಿಗೆ ರವೀಂದ್ರನಾಥ ಟ್ಯಾಗೋರ್ ಬಂದು ಇಳಿಯುತ್ತಾರೆ. ಅವರಿಗಾಗಿ ವಿಶೇಷ ರೈಲು ಕಾದಿದೆ. ಅದರಲ್ಲಿ ರೋಮ್‌ಗೆ ಹೋಗುತ್ತಾರೆ. ಮಾರನೇ ದಿನವೇ ಮುಸೊಲಿನಿಯ ಭೇಟಿ. ಇಟಾಲಿಯನ್ ಭಾಷೆಗೆ ಬಂದಿರುವ ನಿಮ್ಮ ಪುಸ್ತಕಗಳನ್ನೆಲ್ಲ ಓದಿದ್ದೇನೆ, ನಾನು ನಿಮ್ಮ ಅಭಿಮಾನಿ ಅಂತ ಮುಸೊಲಿನಿ ಹೇಳುತ್ತಾನೆ. ಒಂದು ದೇಶವನ್ನು ಆಳುವವನು ಕವಿಯ ಎದುರು ನಿಂತು ಹೀಗೆ ಹೇಳಿದರೆ ಯಾವ ಕವಿಗೆ ಖುಷಿಯಾಗುವುದಿಲ್ಲ ಹೇಳಿ. ಅದೂ ಪರಾಧೀನ ದೇಶದಿಂದ ಬಂದ ಕವಿಗೆ. ತನ್ನ ದೇಶವನ್ನು ಆಳುವ ಇಂಗ್ಲಿಷರಿಂದ ಇಂಥ ಮರ್ಯಾದೆಯನ್ನು ಅವರು ನಿರೀಕ್ಷಿಸುವ ಹಾಗೂ ಇರಲಿಲ್ಲ.

ಇದರ ಹಿಂದೆ ಒಂದು ಸಿದ್ಧತೆ ನಡೆದಿತ್ತು. ಅದು ಗೊತ್ತಾಗದೆ ಮುಂದಿನದ್ದು ಅರ್ಥವಾಗುವುದಿಲ್ಲ. ರೋಮ್ ವಿಶ್ವವಿದ್ಯಾಲಯದಲ್ಲಿ ಕಾರ್ಲೊ ಫೋರ್ಮಿಕಿ ಅಂತ ಸಂಸ್ಕೃತದ ಪ್ರೊಫೆಸರ್ ಇದ್ದರು. ಒಳ್ಳೆಯ ವಿದ್ವಾಂಸರು. 1925ರ ಕೊನೆಗೆ ಅವರು ಶಾಂತಿನಿಕೇತನಕ್ಕೆ ಪಾಠ ಹೇಳಲು ಬಂದರು. ಬರುವಾಗ ಬರಿಗೈಲಿ ಬರಲಿಲ್ಲ, ಮುಸೊಲಿನಿಯ ಉಡುಗೊರೆ ಅಂತ ಇಟಾಲಿಯನ್ ಪುಸ್ತಕಗಳ ದೊಡ್ಡ ಸಂಗ್ರಹವನ್ನೇ ತಂದರು. ಜೊತೆಗೆ ಜುಸೆಪ್ಪೆ ತುಚ್ಚಿ ಅನ್ನುವ ಇನ್ನೊಬ್ಬ ವಿದ್ವಾಂಸರನ್ನೂ ಇಟಲಿ ಕಳಿಸಿತು, ಟಿಬೆಟ್ ಬಗ್ಗೆ ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಶಾಂತಿನಿಕೇತನದಲ್ಲಿ ರವೀಂದ್ರರು ಕಟ್ಟಿದ ವಿಶ್ವಭಾರತಿಗೆ ಆಗ ಬರೀ 4 ವರ್ಷ. ದುಡ್ಡಿಗೆ ಯಾವಾಗಲೂ ತಾಪತ್ರಯ. ಜಗತ್ತಿನ ಎಲ್ಲಾ ಕಡೆಯ ವಿದ್ವಾಂಸರು ಒಂದೇ ಅಂಗಳದಲ್ಲಿ ಕೂರಬೇಕು ಅನ್ನುವುದು ರವೀಂದ್ರರ ಕನಸು, ಆ ಕನಸಿಗೆ ಕೇಳದೆಯೇ ಬಂದು ಕೈ ಕೊಟ್ಟದ್ದು ಇಟಲಿಯ ಸರ್ಕಾರ. ಅವರು ಮುಸೊಲಿನಿಗೆ ಕೃತಜ್ಞತೆಯ ತಂತಿ ಕಳಿಸಿದರು. ಅದರಲ್ಲಿ ನಾಟಕ ಇರಲಿಲ್ಲ, ಮನಸಾರೆ ಕಳಿಸಿದ್ದರು.

ನಮ್ಮಲ್ಲಿ ಒಂದು ಮಾತಿದೆ, ಉಂಡ ಮನೆಗೆ ಎರಡು ಬಗೆಯಬಾರದು. ಒಳ್ಳೆಯ ಮಾತು, ನಾನೂ ಇದನ್ನು ಕೇಳಿಕೊಂಡೇ ಬೆಳೆದವನು. ಎರಡು ಮಹಾಯುದ್ಧಗಳ ನಡುವಿನ 20 ವರ್ಷಗಳಲ್ಲಿ ಇಟಲಿಗೂ ಜರ್ಮನಿಗೂ ಹೋಗಿ ಮೆಚ್ಚಿ ಬರೆದವರ ಬಗ್ಗೆ ಓದುತ್ತಾ ಹೋದಂತೆ ಈ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಯಾಕಂದ್ರೆ ಅವರಲ್ಲಿ ಬಹಳಷ್ಟು ಜನ ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಅವರು ಅತಿಥಿಗಳಾಗಿದ್ದರು. ಆ ಮನೆಯ ಅನ್ನ ಉಂಡಿದ್ದರು.

ರೋಮ್‌ಗೆ ವಾಪಸ್ ಬರೋಣ. ರವೀಂದ್ರರಿಗೆ ಇಟಾಲಿಯನ್ ಬರುವುದಿಲ್ಲ. ಅವರ ಮಾತನ್ನು ಇಟಾಲಿಯನ್ನಿಗೆ ತಿರುಗಿಸುವವರು ಫೋರ್ಮಿಕಿ, ಅಲ್ಲಿನವರ ಮಾತನ್ನು ಇವರಿಗೆ ಹೇಳುವವರೂ ಫೋರ್ಮಿಕಿಯೇ. ಯಾರನ್ನು ನೋಡಬೇಕು, ಎಲ್ಲಿಗೆ ಹೋಗಬೇಕು ಅನ್ನುವುದೂ ಅವರ ಕೈಯಲ್ಲೇ. ದಿನಾ ಪತ್ರಿಕೆಯವರು ಬರುತ್ತಾರೆ. ಇಟಲಿ ಬೆಂಕಿಯಲ್ಲಿ ಮಿಂದು ಹೊಸ ಬೆಳಕು ಹೊತ್ತು ಎದ್ದು ಬರಲಿ ಅಂತ ನಾನು ಕನಸು ಕಾಣುತ್ತೇನೆ, ಹೀಗೇನೋ ಕವಿಯ ಧಾಟಿಯಲ್ಲಿ ಇವರು ಹೇಳುತ್ತಾರೆ. ಮಾರನೇ ದಿನ ಪತ್ರಿಕೆಯಲ್ಲಿ ಅದು ಫ್ಯಾಸಿಸಂಗೆ, ಅಂದರೆ ಮುಸೊಲಿನಿಯ ಸರ್ವಾಧಿಕಾರದ ಚಳವಳಿಗೆ, ಮಹಾಕವಿಯ ಆಶೀರ್ವಾದವಾಗಿ ಬರುತ್ತದೆ. ಇವರಿಗೆ ಅದನ್ನು ಓದಲು ಬರುವುದಿಲ್ಲ. ಸುತ್ತಲೂ ಹೂವು, ಸಭೆ, ಸನ್ಮಾನ. ಅವರ ಚಿತ್ರಾ ನಾಟಕವನ್ನು ಇಟಾಲಿಯನ್ನಿನಲ್ಲಿ ಆಡುತ್ತಾರೆ, ಮುಸೊಲಿನಿಯೂ ಬಂದು ಕೂತು ನೋಡುತ್ತಾನೆ.

ಅದೇ ಹೊತ್ತಿಗೆ ಆ ಊರಿನಲ್ಲಿ ಏನಾಗಿತ್ತು ಗೊತ್ತಾ? ಸರಿಯಾಗಿ 2 ವರ್ಷ ಹಿಂದೆ, 1924ರ ಮೇ 30ರಂದೇ, ಜಾಕೊಮೊ ಮತ್ತೆಯೊಟ್ಟಿ ಅನ್ನುವ ಸಮಾಜವಾದಿ ಸಂಸದ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಚುನಾವಣೆಯಲ್ಲಿ ಕಪ್ಪು ಅಂಗಿಯವರು, ಅಂದರೆ ಮುಸೊಲಿನಿಯ ಪಡೆಯವರು, ನಡೆಸಿದ ಹೊಡೆದಾಟ ಬೆದರಿಕೆಗಳನ್ನೆಲ್ಲ ಒಂದೊಂದಾಗಿ ಹೇಳಿದ್ದರು. ಜೂನ್ 10ರಂದು ಟೈಬರ್ ನದಿಯ ಪಕ್ಕದ ರಸ್ತೆಯಲ್ಲಿ ಅವರನ್ನು ಕಾರಿಗೆ ಎಳೆದು ಹಾಕಿಕೊಂಡು ಹೋಗಿ ಕೊಂದರು. ಹೆಣ ಸಿಕ್ಕಿದ್ದು ಆಗಸ್ಟ್ ತಿಂಗಳಲ್ಲಿ. 1925ರ ಜನವರಿ 3ರಂದು ಮುಸೊಲಿನಿ ಅದೇ ಪಾರ್ಲಿಮೆಂಟಿನಲ್ಲಿ ನಿಂತು, ನಡೆದದ್ದಕ್ಕೆಲ್ಲ ರಾಜಕೀಯ ಹೊಣೆ, ನೈತಿಕ ಹೊಣೆ ನನ್ನದೇ ಅಂದ. ಯಾರೂ ಅವನನ್ನು ಏನೂ ಮಾಡಲಾಗಲಿಲ್ಲ. ಕೊಲೆಗಾರರ ವಿಚಾರಣೆ 1926ರ ಮಾರ್ಚಿನಲ್ಲಿ ಕ್ಯೆತಿ ಅನ್ನುವ ಸಣ್ಣ ಊರಿನಲ್ಲಿ ನಡೆಯಿತು. ಮೂವರಿಗೆ ಸುಮಾರು 6 ವರ್ಷ ಶಿಕ್ಷೆ, ಅದರಲ್ಲೂ ಕ್ಷಮಾದಾನದ ಲೆಕ್ಕ ಕಳೆದು ಬೇಗ ಹೊರಗೆ ಬಂದುಬಿಟ್ಟರು. ರವೀಂದ್ರರು ಬಂದಿಳಿದದ್ದು ಇದಾಗಿ ಬರೀ 2 ತಿಂಗಳಿಗೆ. ಊರೂರಲ್ಲಿ ವಿರೋಧಿಗಳನ್ನು ಹಿಡಿದು, ಬಾಯಿ ಬಿಡಿಸಿ, ಹರಳೆಣ್ಣೆ ಹೊಯ್ದು ಅವಮಾನ ಮಾಡುವುದು ಕಪ್ಪು ಅಂಗಿಯವರ ಮಾಮೂಲಿ ಪದ್ಧತಿಯಾಗಿತ್ತು. ವಿರೋಧ ಪಕ್ಷದ ನಾಯಕ ಜೊವಾನ್ನಿ ಅಮೆಂದೊಲ ಪೆಟ್ಟು ತಿಂದು, ಚೇತರಿಸಿಕೊಳ್ಳಲಾಗದೆ, ಆ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಸತ್ತಿದ್ದರು.

ಅತಿಥಿಯ ಕಾರ್ಯಕ್ರಮ ಪಟ್ಟಿಯಲ್ಲಿ ಇದ್ಯಾವುದೂ ಇರಲಿಲ್ಲ. ನಮ್ಮಲ್ಲಿ ಮಂತ್ರಿ ಬರುತ್ತಾರೆ ಅಂದರೆ ಹಿಂದಿನ ರಾತ್ರಿ ರಸ್ತೆಗೆ ಡಾಂಬರು ಬೀಳುತ್ತದೆ, ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ. ಬಂದವರು ನೋಡುವುದು ಡಾಂಬರು ರಸ್ತೆಯನ್ನು. ಅದು ಸುಳ್ಳು ರಸ್ತೆ ಅಂತ ಹೇಳಲಾಗುವುದಿಲ್ಲ, ನಿಜವಾದ ರಸ್ತೆಯೇ. ಆದರೆ ಅದರ ಪಕ್ಕದ ಗಲ್ಲಿಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಾಗುವುದು ಹೇಗೆ?

ಒಂದೇ ಒಂದು ಕಡೆ ಈ ಏರ್ಪಾಡಿನಲ್ಲಿ ಬಿರುಕು ಬಿತ್ತು. ರವೀಂದ್ರರು ಬೆನೆಡೆಟ್ಟೊ ಕ್ರೋಚೆಯನ್ನು ನೋಡಬೇಕು ಅಂದರು. ಕ್ರೋಚೆ ಇಟಲಿಯ ದೊಡ್ಡ ತತ್ವಜ್ಞಾನಿ. 1925ರ ಮೇ 1ರಂದು ಫ್ಯಾಸಿಸಂ ವಿರೋಧಿ ಬುದ್ಧಿಜೀವಿಗಳ ಹೇಳಿಕೆಯನ್ನು ಬರೆದು ಪ್ರಕಟಿಸಿದವರು ಅವರೇ. ಫೋರ್ಮಿಕಿಗೆ ಇಕ್ಕಟ್ಟಾಯಿತು. ಆದರೂ ಭೇಟಿ ನಡೆಯಿತು, ಕ್ರೋಚೆ ನೇಪಲ್ಸ್‌ನಿಂದ ರೋಮ್‌ಗೆ ಬಂದು ಸದ್ದಿಲ್ಲದೆ ನೋಡಿ ಹೋದರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಅಷ್ಟು ಮರ್ಯಾದೆಯ ನಡುವೆಯೂ, ಪಟ್ಟಿಯಲ್ಲಿ ಇಲ್ಲದ ಒಬ್ಬ ಮನುಷ್ಯನನ್ನು ಹೆಸರು ಹಿಡಿದು ಕೇಳಿದರಲ್ಲ ರವೀಂದ್ರರು, ಆ ಒಂದು ಕೇಳಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜೂನ್ ಕೊನೆಯ ವಾರ ಅವರು ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ ವಿಲ್ನವ್ ಅನ್ನುವ ಊರಿನಲ್ಲಿ, ಸರೋವರದ ದಡದಲ್ಲಿ, ಫ್ರೆಂಚ್ ಲೇಖಕ ರೊಮೇನ್ ರೋಲಾ ಇದ್ದರು. ಇಟಲಿಯ ಪತ್ರಿಕೆಗಳಲ್ಲಿ ನಿಮ್ಮ ಹೆಸರಿನಲ್ಲಿ ಏನು ಬಂದಿದೆ ನೋಡಿ ಅಂತ ಅವರು ತೋರಿಸಿದರು. ರವೀಂದ್ರರಿಗೆ ಗಾಬರಿಯಾಯಿತು. ಆದರೆ ಅವರು ಒಂದೇ ದಿನದಲ್ಲಿ ಬದಲಾಗಲಿಲ್ಲ, ಅದನ್ನೂ ಹೇಳಬೇಕು. ಮುಸೊಲಿನಿಯ ವ್ಯಕ್ತಿತ್ವದ ಸೆಳೆತ ಅವರನ್ನು ಬಿಟ್ಟಿರಲಿಲ್ಲ. ತಮಗೆ ಅಷ್ಟು ಪ್ರೀತಿ ತೋರಿಸಿದವರ ಬಗ್ಗೆ ಗಡಿ ದಾಟಿದ ತಕ್ಷಣ ಕೆಟ್ಟದು ಬರೆಯುವುದು ಹೇಗೆ ಅನ್ನುವ ಸಂಕೋಚವೂ ಇತ್ತು. ರೋಲಾ ಒತ್ತಾಯ ಮಾಡಿದರು, ಬೇಸರವೂ ಪಟ್ಟುಕೊಂಡರು.

ಅವರ ಮನಸ್ಸು ತಿರುಗಿದ್ದು ವಾದದಿಂದಲ್ಲ ಅಂತ ನನ್ನ ಭಾವನೆ. ಜ್ಯೂರಿಚ್‌ನಲ್ಲಿ ಅವರನ್ನು ಒಬ್ಬ ಹೆಣ್ಣುಮಗಳು ಬಂದು ನೋಡಿದರು. ಸಾಲ್ವದೋರಿ ಅಂತ ಮನೆತನ. ಆಕೆಯ ಗಂಡ ಪ್ರೊಫೆಸರ್, ಫ್ಲಾರೆನ್ಸ್‌ನಲ್ಲಿ ಫ್ಯಾಸಿಸ್ಟರು ಅವರನ್ನು ಹೊಡೆದಿದ್ದರು, ಸಂಸಾರ ಊರು ಬಿಟ್ಟು ಪರದೇಶ ಸೇರಿತ್ತು. ಆಕೆ ಕೂತು ಒಂದೊಂದೇ ಹೇಳಿದರು, ಇವರು ಕೇಳಿದರು. ಆಮೇಲೆ ವಿಯೆನ್ನಾದಲ್ಲಿ ಏಂಜೆಲಿಕಾ ಬಲಬನೋಫ್ ಸಿಕ್ಕರು. ಮುಸೊಲಿನಿ ಸಮಾಜವಾದಿಯಾಗಿದ್ದ ಕಾಲದಲ್ಲಿ ಅವನ ಜೊತೆ ಒಂದೇ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವರು ಆಕೆ, ಅವನನ್ನು ಒಳಗಿನಿಂದ ಬಲ್ಲವರು. ಮತ್ತೆಯೊಟ್ಟಿ ಕುಟುಂಬದ ಪರ ವಕೀಲರಾಗಿದ್ದ ಮೊದಿಲ್ಯಾನಿಯೂ ಬಂದು ಮಾತಾಡಿದರು. ಹೀಗೆ, ಇಟಲಿಯ ಒಳಗೆ 3 ವಾರ ಸುತ್ತಿ ಕಾಣದ ಇಟಲಿಯನ್ನು ಅವರು ಅದರ ಹೊರಗೆ, ಊರು ಬಿಟ್ಟು ಓಡಿ ಬಂದವರ ಮುಖದಲ್ಲಿ ಕಂಡರು.

1926ರ ಆಗಸ್ಟ್ 5ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಅವರ ಪತ್ರ ಬಂತು, ತಮ್ಮ ಗೆಳೆಯ ಸಿ. ಎಫ್. ಆಂಡ್ರ್ಯೂಸ್ ಅವರಿಗೆ ಬರೆದದ್ದು. ಮಾತಾಡುವ ಸ್ವಾತಂತ್ರ್ಯವನ್ನು ನಿರ್ದಯವಾಗಿ ತುಳಿಯುವ, ಮನಸ್ಸಾಕ್ಷಿಗೆ ಒಗ್ಗದ್ದನ್ನು ಹೇರುವ, ರಕ್ತ ಮೆತ್ತಿದ ದಾರಿಯಲ್ಲಿ ನಡೆಯುವ ಒಂದು ಚಳವಳಿಯನ್ನು ನಾನು ಬೆಂಬಲಿಸುತ್ತೇನೆ ಅಂತ ಅಂದುಕೊಳ್ಳುವುದೇ ಅಸಂಬದ್ಧ, ಅನ್ನುವ ಅರ್ಥದ ಮಾತು ಅದರಲ್ಲಿದೆ. ಮುಸೊಲಿನಿಯ ವ್ಯಕ್ತಿತ್ವ ತನ್ನನ್ನು ಸೆಳೆದಿತ್ತು ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಫೋರ್ಮಿಕಿ ಕೋಪದಿಂದ ಉತ್ತರ ಬರೆದರು. ನಿನ್ನೆಯವರೆಗೆ ಹಾಡಿ ಹೊಗಳಿದ ಇಟಲಿಯ ಪತ್ರಿಕೆಗಳು ಬೈದವು. ಉಂಡ ಮನೆಗೆ ಎರಡು ಬಗೆದ ಅಂತಲೇ ಅವರ ಬೈಗುಳದ ಸಾರ.

ರವೀಂದ್ರರದ್ದು ಒಂದು ಬಗೆ. ಬೇರೆಯವರನ್ನೂ ನೋಡೋಣ. 1927ರ ಜನವರಿಯಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ವಿನ್‌ಸ್ಟನ್ ಚರ್ಚಿಲ್ ರೋಮ್‌ಗೆ ಹೋದರು. ಮುಸೊಲಿನಿಯ ಸರಳ ನಡವಳಿಕೆಗೆ ಮರುಳಾದರು. ನಾನು ಇಟಾಲಿಯನ್ ಆಗಿದ್ದಿದ್ದರೆ ಲೆನಿನ್‌ವಾದದ ವಿರುದ್ಧ ನೀವು ಮಾಡಿದ ಹೋರಾಟದಲ್ಲಿ ಮೊದಲಿಂದ ಕೊನೆಯವರೆಗೆ ಮನಸಾರೆ ನಿಮ್ಮ ಜೊತೆ ಇರುತ್ತಿದ್ದೆ ಅಂತ ಪತ್ರಿಕೆಯವರ ಎದುರೇ ಹೇಳಿದರು. ಅವರಿಗೆ ದುಭಾಷಿ ಮೋಸ ಮಾಡಲಿಲ್ಲ. ರಷ್ಯಾದ ಭಯವನ್ನು ಅವರು ಮನೆಯಿಂದಲೇ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದಿದ್ದರು, ಆ ಭಯಕ್ಕೆ ರೋಮ್‌ನಲ್ಲಿ ಮದ್ದು ಕಂಡಿತು.

ಬಂದವರೆಲ್ಲ ಹೀಗೇ ಒಂದೊಂದು ಆಸೆಯನ್ನೋ ಭಯವನ್ನೋ ಹೊತ್ತು ಬಂದವರು. 1931ರ ಮಾರ್ಚಿನಲ್ಲಿ ದುಂಡು ಮೇಜಿನ ಪರಿಷತ್ತು ಮುಗಿಸಿ ವಾಪಸ್ ಬರುವಾಗ ಹಿಂದೂ ಮಹಾಸಭಾದ ನಾಯಕ ಬಿ. ಎಸ್. ಮೂಂಜೆ ರೋಮ್‌ನಲ್ಲಿ ಇಳಿದರು. ಅವರಿಗೆ ಬೇಕಾಗಿದ್ದದ್ದು ಹುಡುಗರಿಗೆ ಸೈನಿಕ ಶಿಸ್ತು ಕಲಿಸುವ ಮಾದರಿ. ಬಲಿಲ್ಲ ಅನ್ನುವ ಫ್ಯಾಸಿಸ್ಟ್ ಬಾಲಕರ ಸಂಘಟನೆಯನ್ನು ನೋಡಿದರು, 19ನೇ ತಾರೀಖು ಮುಸೊಲಿನಿಯನ್ನೂ ಕಂಡು ಮೆಚ್ಚುಗೆ ಹೇಳಿದರು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟರು. 1937ರಲ್ಲಿ ನಾಸಿಕ್‌ನಲ್ಲಿ ಭೋನ್ಸಲಾ ಮಿಲಿಟರಿ ಶಾಲೆ ಶುರುವಾಯಿತು. ಅದೇ 1931ರ ಡಿಸೆಂಬರಿನಲ್ಲಿ ಗಾಂಧೀಜಿಯೂ ರೋಮ್‌ಗೆ ಹೋದರು, ಅವರನ್ನೂ ರೋಲಾ ಎಚ್ಚರಿಸಿದ್ದರು. ಮುಸೊಲಿನಿ ನನಗೆ ಒಂದು ಒಗಟು, ಅವನ ಎಷ್ಟೋ ಸುಧಾರಣೆಗಳು ನನ್ನನ್ನು ಸೆಳೆಯುತ್ತವೆ, ರೈತರಿಗೆ ಏನೋ ಒಳ್ಳೆಯದು ಮಾಡಿದ ಹಾಗೆ ಕಾಣುತ್ತದೆ ಅಂತ ಗಾಂಧೀಜಿ ಆಮೇಲೆ ರೋಲಾಗೆ ಬರೆದರು. ಅದರ ಹಿಂದೆ ಕಬ್ಬಿಣದ ಕೈ ಇದೆ ಅನ್ನುವುದನ್ನೂ ಒಪ್ಪಿಕೊಂಡರು. ನನಗೆ ಗಾಂಧೀಜಿ ಮೇಲೆ ಬಹಳ ಗೌರವ, ಆದರೂ ಈ ಸಾಲುಗಳನ್ನು ಓದಿದಾಗ ಮನಸ್ಸಿಗೆ ನೋವಾಯಿತು. ಕೊಡದ ಸಂದರ್ಶನವೊಂದನ್ನು ಇಟಲಿಯ ಪತ್ರಿಕೆ ಅವರ ಹೆಸರಿಗೆ ಅಂಟಿಸಿತು. ಹಡಗಿನಲ್ಲಿದ್ದ ಗಾಂಧೀಜಿ ಅದನ್ನು ಅಲ್ಲಗಳೆಯಬೇಕಾಯಿತು.

ಈ ಸಂಗತಿಯನ್ನು ಜವಾಹರಲಾಲ್ ನೆಹರು ಮರೆಯಲಿಲ್ಲ. 1936ರ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನಲ್ಲಿ ಅವರ ಹೆಂಡತಿ ಕಮಲಾ ತೀರಿಕೊಂಡರು. ಚಿತಾಭಸ್ಮ ಹಿಡಿದುಕೊಂಡು ವಿಮಾನದಲ್ಲಿ ಬರುವಾಗ ದಾರಿಯಲ್ಲಿ ರೋಮ್‌ನಲ್ಲಿ ನಿಲ್ಲಬೇಕಿತ್ತು. ಮುಸೊಲಿನಿ ನಿಮ್ಮನ್ನು ನೋಡಿ ಸಂತಾಪ ಹೇಳಬೇಕು ಅಂತಿದ್ದಾರೆ ಅಂತ ಕರೆ ಬಂತು. ಅಬಿಸೀನಿಯಾದ, ಅಂದರೆ ಈಗಿನ ಇಥಿಯೋಪಿಯಾದ, ಮೇಲೆ ಇಟಲಿಯ ಯುದ್ಧ ನಡೆಯುತ್ತಿದ್ದ ಕಾಲ ಅದು. ನೆಹರು ಮೊದಲೇ ಬೇಡ ಅಂದಿದ್ದರು, ಆದರೂ ವಿಮಾನ ನಿಲ್ದಾಣಕ್ಕೆ ಅಧಿಕಾರಿ ಬಂದು ಒತ್ತಾಯ ಮಾಡಿದ. ಸುಮ್ನೆ ಒಂದು ಭೇಟಿ, ಬರೀ ಸಂತಾಪ ಅಂದ. ಗಾಂಧೀಜಿಗೆ ಏನಾಯಿತು ನೋಡಿದ್ದೇನೆ ಅಂತ ನೆಹರು ಉದಾಹರಣೆ ಕೊಟ್ಟರು. ಸುಮಾರು ಒಂದು ಗಂಟೆ ಹೊತ್ತು ವಾದ ನಡೆದು, ಕೊನೆಗೂ ಹೋಗಲಿಲ್ಲ. ಹೆಂಡತಿ ಸತ್ತ ದುಃಖದಲ್ಲಿರುವ ಮನುಷ್ಯನಿಗೆ ಯಾರಾದರೂ ಸಾಂತ್ವನ ಹೇಳುತ್ತೇನೆ ಅಂದರೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ.

ಜರ್ಮನಿಗೆ ಬಂದರೆ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಬ್ರಿಟನ್ನಿನ ಮಾಜಿ ಪ್ರಧಾನಿ ಡೇವಿಡ್ ಲಾಯ್ಡ್ ಜಾರ್ಜ್ 1936ರ ಸೆಪ್ಟೆಂಬರಿನಲ್ಲಿ ಬವೇರಿಯಾದ ಬೆಟ್ಟದ ಮನೆಯಲ್ಲಿ ಹಿಟ್ಲರನನ್ನು ನೋಡಿದರು. ಮೊದಲ ಮಹಾಯುದ್ಧವನ್ನು ಜರ್ಮನಿಯ ವಿರುದ್ಧ ಗೆದ್ದುಕೊಟ್ಟ ಪ್ರಧಾನಿ ಇವರೇ. ನಿರುದ್ಯೋಗ ಕಳೆಯಲು ಸರ್ಕಾರ ರಸ್ತೆ, ಮನೆ ಕಟ್ಟಿಸಬೇಕು ಅಂತ ತಮ್ಮ ದೇಶದಲ್ಲಿ ವರ್ಷಗಟ್ಟಲೆ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಜರ್ಮನಿಯಲ್ಲಿ ಅದೇ ನಡೆಯುತ್ತಿರುವುದನ್ನು ಕಂಡು ಕಣ್ಣರಳಿತು. ವಾಪಸ್ ಬಂದು ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಹಿಟ್ಲರನನ್ನು ಜರ್ಮನಿಯ ಜಾರ್ಜ್ ವಾಷಿಂಗ್ಟನ್ ಅಂತ ಬರೆದರು. ಅಷ್ಟು ಹೊತ್ತಿಗೆ ವಿರೋಧಿಗಳನ್ನು ಕೂಡಿಹಾಕುವ ದಾಖಾವ್ ಶಿಬಿರ ಶುರುವಾಗಿ 3 ವರ್ಷ ದಾಟಿತ್ತು. ಯಹೂದಿಗಳ ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನಿಗೆ ಒಂದು ವರ್ಷವಾಗುತ್ತಾ ಬಂದಿತ್ತು.

ಆ ಬೇಸಿಗೆ ಬರ್ಲಿನ್ನಿನಲ್ಲಿ ಒಲಿಂಪಿಕ್ಸ್ ನಡೆದಿತ್ತು. ಯಹೂದಿಗಳಿಗೆ ಇಲ್ಲಿ ಜಾಗವಿಲ್ಲ ಅನ್ನುವ ಬೋರ್ಡುಗಳನ್ನು ಆಟಗಳಿಗೆ ಮೊದಲು ತೆಗೆದಿಟ್ಟರು. ಜುಲೈ 16ರಂದು ಜಿಪ್ಸಿಗಳು ಅಂತ ಕರೆಯುತ್ತಿದ್ದ ಬರ್ಲಿನ್ನಿನ ಸಿಂತಿ ಮತ್ತು ರೋಮಾ ಜನರನ್ನು ಹಿಡಿದು ಊರಾಚೆಯ ಮಾರ್ಟ್ಸಾನ್ ಅನ್ನುವ ಕಡೆಗೆ ಸಾಗಿಸಿದರು. ಪಕ್ಕದ ಓರಾನಿಯೆನ್‌ಬರ್ಗ್‌ನಲ್ಲಿ ಅದೇ ತಿಂಗಳು ಕೈದಿಗಳ ಕೈಯಲ್ಲೇ ಸಾಕ್ಸೆನ್‌ಹೌಸೆನ್ ಶಿಬಿರ ಕಟ್ಟಿಸಲು ಶುರು ಮಾಡಿದರು. ಬಂದ ಪ್ರವಾಸಿಗಳು ಚೊಕ್ಕಟ ಬೀದಿಗಳನ್ನೂ ನಗುಮುಖಗಳನ್ನೂ ನೋಡಿ, ಪತ್ರಿಕೆಗಳಲ್ಲಿ ಬರುವುದೆಲ್ಲ ಉತ್ಪ್ರೇಕ್ಷೆ ಅಂದುಕೊಂಡು ಹೋದರು.

ಅದೇ ವರ್ಷ, ಅದೇ ಜರ್ಮನಿಯಲ್ಲಿ, ಅಮೆರಿಕದ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಕೂಡ ಇದ್ದರು, ಸುಮಾರು 5 ತಿಂಗಳು. ಆಗ ಅವರಿಗೆ 68 ವರ್ಷ. 1890ರ ದಶಕದಲ್ಲಿ ಬರ್ಲಿನ್ನಿನಲ್ಲೇ ಓದಿದ್ದರು, ಜರ್ಮನ್ ಚೆನ್ನಾಗಿ ಬರುತ್ತಿತ್ತು. ಅವರಿಗೂ ಅಲ್ಲಿ ಮರ್ಯಾದೆ ಸಿಕ್ಕಿತು. ತಮ್ಮ ದೇಶದಲ್ಲಿ ಎಷ್ಟೋ ಹೋಟೆಲುಗಳ ಒಳಗೇ ಬಿಡದ ಕಾಲದಲ್ಲಿ, ಇಲ್ಲಿ ಎಲ್ಲರೂ ಸೌಜನ್ಯದಿಂದ ನಡೆದುಕೊಂಡರು. ಅದನ್ನು ಅವರು ಬರೆದರು. ಹೊಸ ಮನೆಗಳು, ರಸ್ತೆಗಳನ್ನೂ ಬರೆದರು. ಆದರೆ ದೇಶ ಬಿಟ್ಟು ಹೊರಗೆ ಬಂದ ಮೇಲೆ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯಲ್ಲಿ, ಯಹೂದಿಗಳ ಮೇಲೆ ಅಲ್ಲಿ ನಡೆಯುತ್ತಿರುವ ಕ್ರೌರ್ಯ ಮತ್ತು ಬಹಿರಂಗ ಅವಮಾನ ನಾನು ಕಂಡದ್ದೆಲ್ಲವನ್ನೂ ಮೀರಿಸಿದೆ, ನಾನು ಕಂಡದ್ದು ಕಡಿಮೆಯೇನಲ್ಲ, ಅನ್ನುವ ಅರ್ಥದಲ್ಲಿ ಬರೆದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುವುದನ್ನು ಬಲ್ಲವರು ಈ ಮಾತು ಹೇಳಿದ್ದು. ನನ್ನನ್ನು ಚೆನ್ನಾಗಿ ನೋಡಿಕೊಂಡರು ಅನ್ನುವುದು ಬೇರೆ, ಅವರು ಒಳ್ಳೆಯವರು ಅನ್ನುವುದು ಬೇರೆ. ಈ ಎರಡನ್ನೂ ಒಂದೇ ಲೇಖನಿಯಲ್ಲಿ ಬರೆದು, ಒಂದಕ್ಕೊಂದು ಬೆರೆಯದ ಹಾಗೆ ನೋಡಿಕೊಂಡರು ಡು ಬಾಯ್ಸ್. ನನ್ನ ಇಡೀ ಮಾತಿನಲ್ಲಿ ನನಗೆ ತುಂಬಾ ಪ್ರೀತಿಯ ಭಾಗ ಇದೇ.

ಇನ್ನು ಮೇಷ್ಟ್ರ ಪ್ರಶ್ನೆ. "ಹಾಗಾದ್ರೆ ಇವರ್ಯಾರಿಗೂ ಗೊತ್ತೇ ಇರ್ಲಿಲ್ಲ ಅಂತೀರಾ?" ಅಂತ ಕೇಳಿದ್ದರು. ಇಲ್ಲ ಸಾರ್, ಹಾಗೆ ಹೇಳಲಾಗುವುದಿಲ್ಲ. ಮತ್ತೆಯೊಟ್ಟಿ ಕೊಲೆ 1924ರಲ್ಲೇ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮುಸೊಲಿನಿ ಆ ಹೊಣೆಯ ಮಾತಾಡಿದ 1925ರ ಜನವರಿಯಲ್ಲೇ ರವೀಂದ್ರರು ದಕ್ಷಿಣ ಅಮೆರಿಕದಿಂದ ವಾಪಸ್ ಬರುತ್ತಾ ಮಿಲಾನ್‌ಗೆ ಬಂದಿದ್ದರು. ಹಿಟ್ಲರನ ಜೈಲುಗಳ ಬಗ್ಗೆ ತಪ್ಪಿಸಿಕೊಂಡು ಬಂದವರು 1933ರಿಂದಲೇ ಬರೆಯುತ್ತಿದ್ದರು. ಸುದ್ದಿ ಇತ್ತು. ಆದರೆ ಆ ಸುದ್ದಿ ಕೊಡುವವರು ಮನೆ ಮಠ ಕಳೆದುಕೊಂಡವರು, ಸಿಟ್ಟಾದವರು, ಕೆಲವೊಮ್ಮೆ ಅಳುವವರು. ಆ ಕಡೆ ಪಿಯಾನೊ ಇರುವ ಕೋಣೆಯಲ್ಲಿ ಕೂತು, ಶಾಂತವಾಗಿ, ನಿಮ್ಮ ಪುಸ್ತಕ ಓದಿದ್ದೇನೆ ಅನ್ನುವವರು. ಜನ ಯಾರನ್ನು ನಂಬುತ್ತಾರೆ? ಅದಕ್ಕೇ ಜ್ಯೂರಿಚ್‌ನ ಆ ಹೆಣ್ಣುಮಗಳ ಭೇಟಿಯನ್ನು ನಾನು ಮುಸೊಲಿನಿಯ ಭೇಟಿಗಿಂತ ದೊಡ್ಡದು ಅಂತ ಎಣಿಸುತ್ತೇನೆ. ಆಕೆಯ ಹತ್ತಿರ ಕೊಡಲು ವಿಶೇಷ ರೈಲು ಇರಲಿಲ್ಲ. ಪುಸ್ತಕದ ಸಂಗ್ರಹ ಇರಲಿಲ್ಲ. ಆದರೂ ರವೀಂದ್ರರು ಕೂತು ಕೇಳಿದರು.

ಅವತ್ತಿನ ಸಭೆಯಲ್ಲಿ ಹೇಳದೆ ಬಿಟ್ಟ ಒಂದು ಸಂಗತಿ ಉಳಿದಿದೆ. 1930ರ ಸೆಪ್ಟೆಂಬರಿನಲ್ಲಿ ರವೀಂದ್ರರು ಸೋವಿಯತ್ ರಷ್ಯಾಕ್ಕೆ ಹೋದರು. ಅಲ್ಲೂ ಸರ್ಕಾರದ ಅತಿಥಿ, ಅಲ್ಲೂ ಭಾಷೆ ಬರುವುದಿಲ್ಲ, ಅಲ್ಲೂ ಸಭೆ ಸನ್ಮಾನ. ಓದು ಬರದ ಹಳ್ಳಿ ಜನರಿಗೆ ಅಕ್ಷರ ಕಲಿಸುತ್ತಿರುವುದನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ಬಾಯಿ ತುಂಬಾ ಹೇಳಿದರು. ಆದರೆ ಈ ಸಲ ಗಡಿ ದಾಟುವವರೆಗೆ ಕಾಯಲಿಲ್ಲ. ಹೊರಡುವ ಮೊದಲು ಮಾಸ್ಕೋದಲ್ಲೇ ಅಲ್ಲಿನ ಸರ್ಕಾರದ ಇಜ್ವೆಸ್ತಿಯಾ ಪತ್ರಿಕೆಗೆ ಸಂದರ್ಶನ ಕೊಟ್ಟು, ನೀವು ಪಾಠ ಹೇಳಿಕೊಡುವವರ ಮನಸ್ಸಿನಲ್ಲಿ ದ್ವೇಷ, ವರ್ಗದ್ವೇಷ, ಸೇಡು ತುಂಬುತ್ತಿದ್ದೀರಲ್ಲ, ಬೇರೆ ಅಭಿಪ್ರಾಯ ಇರುವವರಿಗೆ ಮಾತಾಡಲು ಬಿಡಬೇಕಲ್ಲವೇ ಅಂತ ಕೇಳಿದರು. ಪತ್ರಿಕೆಯವರು ಬರೆದುಕೊಂಡರು. ಅದು ಇಜ್ವೆಸ್ತಿಯಾದಲ್ಲಿ ಅಚ್ಚಾಗಿದ್ದು 1988ರಲ್ಲಿ.